ಹಿಡಿದದ್ದು ಅರ್ಧ ಗಂಟೆ, ನೋಡಿಕೊಳ್ಳಬೇಕಾದದ್ದು ಮೂರು ತಿಂಗಳು

ಏಪ್ರಿಲ್ ಬಂತೆಂದರೆ ಸಕಲೇಶಪುರ, ಬೇಲೂರು, ಆಲೂರು, ಆಚೆಗೆ ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಮರಗಸಿ ಶುರುವಾಗುತ್ತದೆ. ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡುವ ಕೆಲಸ ಅದು. ಹಾಲಕ್ಕಿ, ಗಿಳಿ, ಅಳಿಲುಗಳು ಮರಿ ಮಾಡುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಕೊಂಬೆಯ ಜೊತೆ ಗೂಡೂ ನೆಲಕ್ಕೆ ಬೀಳುತ್ತದೆ. ತೋಟದ ಲೆಕ್ಕ ಬರೆಯುವ ರೈಟರು ಫೋಟೊ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಪೇಟೆಯಿಂದ ಯಾರೋ ಹುಡುಗರು ಬೈಕಿಗೆ ರಟ್ಟಿನ ಡಬ್ಬ ಕಟ್ಟಿಕೊಂಡು ಬಂದು ಮರಿಗಳನ್ನು ಎತ್ತಿಕೊಂಡು ಹೋಗುತ್ತಾರೆ. ಗುಂಪಿನಲ್ಲಿ ಕೈಮುಗಿದ ಚಿತ್ರಗಳ ಸುರಿಮಳೆ. ಅಲ್ಲಿಗೆ ಎಲ್ಲರ ಮಟ್ಟಿಗೆ ಕೆಲಸ ಮುಗಿಯಿತು.

ನಿಜವಾದ ಕೆಲಸ ಶುರುವಾಗುವುದು ಆಮೇಲೆ. ಕಣ್ಣು ಬಿಡದ ಅಳಿಲು ಮರಿಗೆ ರಾತ್ರಿಯೂ ಸೇರಿ ಎರಡು ಮೂರು ಗಂಟೆಗೊಮ್ಮೆ ಹಾಲು ಕುಡಿಸಬೇಕು. ರೆಕ್ಕೆ ಮುರಿದ ಗರುಡಕ್ಕೆ ಎಕ್ಸ್‌ರೇ ತೆಗೆಸಬೇಕು. ಉರುಳಿನಿಂದ ಬಿಡಿಸಿದ ಚಿರತೆಯನ್ನು ವಾರಗಟ್ಟಲೆ ಜನರ ಕಣ್ಣಿಗೆ ಬೀಳದಂತೆ ಇಟ್ಟು ನೋಡಬೇಕು. ಹಾಸನ, ಚಿಕ್ಕಮಗಳೂರಿನಲ್ಲಿ ಹಿಡಿಯುವ ಕೈಗಳಿಗೆ ಬರವಿಲ್ಲ. ಹಿಡಿದ ಮೇಲೆ ಬಿಡುವವರೆಗಿನ ಆ ನಡುವಿನ ದಿನಗಳಿಗೆ ಮಾತ್ರ ವಾರಸುದಾರರೇ ಇಲ್ಲ. ಕಾಪಾಡಿದ ಪ್ರಾಣಿಗಳು ಸಾಯುವುದು ಹೆಚ್ಚಾಗಿ ಈ ನಡುವಿನಲ್ಲೇ. ಅದರಲ್ಲಿ ಎಷ್ಟೋ ಸಾವಿಗೆ ಮೂಲದ ಗಾಯವಲ್ಲ, ಕಾಪಾಡಿದ ರೀತಿಯೇ ಕಾರಣ.

ಕಾನೂನಿನ ಕಣ್ಣಲ್ಲಿ

ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಹಿಡಿಯುವುದೂ ಬೇಟೆಯೇ. ಬಲೆ ಹಾಕುವುದು, ಉರುಳು ಒಡ್ಡುವುದು ಹೇಗೋ, ಒಳ್ಳೆಯ ಮನಸ್ಸಿನಿಂದ ಚೀಲಕ್ಕೆ ತುಂಬುವುದೂ ಆ ವ್ಯಾಖ್ಯೆಯೊಳಗೆ ಬರಬಹುದು. ಕಾಯ್ದೆಯ 39ನೇ ಕಲಮಿನಂತೆ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಕೈಗೆ ಸಿಕ್ಕಿದರೆ 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅಧಿಕೃತ ಅರಣ್ಯಾಧಿಕಾರಿಗೋ ತಿಳಿಸಲೇಬೇಕು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಆರಿದ್ದ ಅನುಸೂಚಿಗಳು ನಾಲ್ಕಾದವು, ದಂಡವೂ ಏರಿತು. ಒಂದನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ತಪ್ಪು ಸಾಬೀತಾದರೆ ಕನಿಷ್ಠ ಮೂರು ವರ್ಷ ಜೈಲು. ಚಿರತೆ, ಚಿಪ್ಪುಹಂದಿ, ಕಾಡುಪಾಪ, ಕಾಳಿಂಗ ಎಲ್ಲವೂ ಆ ಪಟ್ಟಿಯಲ್ಲಿವೆ.

ಹಾಗಂತ ಗಾಯಗೊಂಡ ಹಕ್ಕಿಯನ್ನು ಎತ್ತಿ ಡಬ್ಬಕ್ಕೆ ಹಾಕಿದವರ ಮೇಲೆ ಯಾರೂ ಕೇಸು ಹಾಕಲು ಓಡಿ ಬರುವುದಿಲ್ಲ. ಆದರೆ ಅದೇ ಹಕ್ಕಿ ಹದಿನೈದು ದಿನ ಮನೆಯಲ್ಲಿದ್ದು, ಮಕ್ಕಳು ಅದರ ಜೊತೆ ತೆಗೆಸಿಕೊಂಡ ಫೋಟೊ ಹರಿದಾಡಿತೆಂದರೆ ಮಾತೇ ಬೇರೆ. ಆದ್ದರಿಂದ ಮೊದಲ ಫೋನು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ, ಎರಡನೆಯದು ನಿಮ್ಮ ವಲಯದ ಅರಣ್ಯಾಧಿಕಾರಿ ಆರ್‌ಎಫ್‌ಓಗೆ. ಮಾತಾಡಿದ ಮೇಲೆ ಸಮಯ, ಸ್ಥಳ, ಪ್ರಾಣಿಯ ಸ್ಥಿತಿ ಮೂರನ್ನೂ ಬರೆದು ಒಂದು ಮೆಸೇಜು ಕಳಿಸಿಟ್ಟುಕೊಳ್ಳಿ. ಬಾಯಿಮಾತಿನ ಅನುಮತಿ ಗಾರ್ಡು ವರ್ಗವಾದ ದಿನವೇ ಗಾಳಿಗೆ ಹೋಗುತ್ತದೆ. ಖಾಯಂ ಆಗಿ ಈ ಕೆಲಸ ಮಾಡುವವರು ಉಪ ಅರಣ್ಯ ಸಂರಕ್ಷಣಾಧಿಕಾರಿಯ (ಡಿಸಿಎಫ್) ಕಚೇರಿಯಿಂದ ಲಿಖಿತ ಒಪ್ಪಿಗೆ ಪಡೆಯದೆ ಇಳಿಯಬಾರದು.

ಇನ್ನೊಂದು ಕಟುವಾದ ವಿಷಯವೂ ಇದೇ ಕಾಯ್ದೆಯಲ್ಲಿದೆ. ಬದುಕಿಸಲಾಗದಷ್ಟು ಹಾಳಾದ ಪ್ರಾಣಿಗೆ ನೋವಿಲ್ಲದ ಸಾವು ಕೊಡುವುದಕ್ಕೂ 11ನೇ ಕಲಮಿನಡಿ ಆದೇಶ ಬೇಕು. ಒಂದನೇ ಅನುಸೂಚಿಯ ಪ್ರಾಣಿಯಾದರೆ ಆ ಅಧಿಕಾರ ಮುಖ್ಯ ವನ್ಯಜೀವಿ ಪಾಲಕರದ್ದು ಮಾತ್ರ. ಬೆನ್ನುಮೂಳೆ ಮುರಿದು ರಸ್ತೆಬದಿ ಒದ್ದಾಡುವ ಪ್ರಾಣಿಯ ಮುಂದೆ ನಿಂತು, ಎಲ್ಲರೂ ಬೆಂಗಳೂರಿನ ಫೋನಿಗೆ ಕಾಯುವ ಸ್ಥಿತಿ ಇದರಿಂದಲೇ ಹುಟ್ಟುವುದು.

ಎತ್ತಬೇಕಾಗಿಯೇ ಇರಲಿಲ್ಲ

ಬೇಸಿಗೆಯಲ್ಲಿ ಬರುವ ಹಕ್ಕಿಮರಿಗಳ ಕರೆಗಳಲ್ಲಿ ದೊಡ್ಡ ಪಾಲು ಅನಾಥ ಮರಿಗಳದ್ದಲ್ಲ. ಮೈತುಂಬ ಪುಕ್ಕ ಬಂದು, ಬಾಲ ಮಾತ್ರ ಮೊಂಡಾಗಿ, ನೆಲದಲ್ಲಿ ಕುಪ್ಪಳಿಸುವ ಮರಿ ಹಾರಲು ಕಲಿಯುತ್ತಿರುತ್ತದೆ. ತಾಯಿ ಪಕ್ಕದ ಸಿಲ್ವರ್ ಓಕಿನಲ್ಲೇ ಕೂತು, ನೀವು ಯಾವಾಗ ತೊಲಗುತ್ತೀರೆಂದು ಕಾಯುತ್ತಿರುತ್ತದೆ. ಅಂಥದ್ದನ್ನು ನಾಯಿ, ಬೆಕ್ಕಿನ ಬಾಯಿಗೆ ಸಿಗದ ಹಾಗೆ ಪೊದೆಯ ಮೇಲಿಟ್ಟು ಹಿಂದೆ ಸರಿದರೆ ಆಯಿತು. ಬರೀ ಚರ್ಮ ಕಾಣುವ, ಕಣ್ಣು ಮುಚ್ಚಿದ ಮರಿಯಾದರೆ ಗೂಡಿಗೇ ವಾಪಸು ಇಡಬೇಕು. ಗೂಡು ಚಿಂದಿಯಾಗಿದ್ದರೆ ಸಣ್ಣ ಬುಟ್ಟಿಯ ತಳಕ್ಕೆ ನಾಲ್ಕು ತೂತು ಹಾಕಿ, ಒಣಹುಲ್ಲು ಹಾಸಿ, ಅದೇ ಮರಕ್ಕೆ ತಂತಿಯಲ್ಲಿ ಕಟ್ಟಿದರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬುದು ಹಳೆಯ ನಂಬಿಕೆ ಅಷ್ಟೇ. ಹಕ್ಕಿ ತನ್ನ ಮರಿಯನ್ನು ಗುರುತಿಸುವುದು ದನಿಯಿಂದ, ಜಾಗದಿಂದ.

ಕಡವೆ, ಜಿಂಕೆ ಮರಿಗಳದ್ದೂ ಇದೇ ಕತೆ. ತಾಯಿ ಮರಿಯನ್ನು ಹುಲ್ಲಿನಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಅಲುಗಾಡದೆ ಮಲಗುವುದೇ ಅದರ ರಕ್ಷಣೆ. ಅದನ್ನು ‘ಬಿಟ್ಟುಹೋದ ಮರಿ’ ಎಂದು ಎತ್ತಿ ತಂದವರು ಅದಕ್ಕೆ ತಾಯಿಯನ್ನು ಇಲ್ಲವಾಗಿಸಿದಂತೆ.

ಕಬ್ಬಿನ ಗದ್ದೆಯಲ್ಲಿ ಸಿಗುವ ಚಿರತೆ ಮರಿಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. ಚನ್ನರಾಯಪಟ್ಟಣ, ಹೊಳೆನರಸೀಪುರ ಕಡೆ ಕಟಾವಿನ ಹೊತ್ತಿಗೆ ಮರಿ ಕಂಡರೆ ಆ ಭಾಗದ ಕಟಾವು ನಿಲ್ಲಿಸಿ, ಜನರನ್ನು ದೂರ ಕಳಿಸಬೇಕು. ಹಾಲು ಕುಡಿಸಬಾರದು, ಮುದ್ದು ಮಾಡಬಾರದು. ಇಲಾಖೆಯವರು ಮರಿಗಳನ್ನು ತಪಾಸಣೆ ಮಾಡಿ, ಸಂಜೆ ಕತ್ತಲಾಗುವ ಹೊತ್ತಿಗೆ ಸಿಕ್ಕಿದ ಜಾಗದಲ್ಲೇ, ಮರಿ ತಾನಾಗಿ ಹತ್ತಿ ಹೋಗಲಾಗದ ಆದರೆ ತಾಯಿ ಸುಲಭವಾಗಿ ಎತ್ತಬಲ್ಲ ಪೆಟ್ಟಿಗೆಯಲ್ಲಿಟ್ಟು, ಪ್ರಾಣಿ ಹಾದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ಕಟ್ಟಿ ಹೊರಟುಬಿಡಬೇಕು. ತಾಯಿ ಕತ್ತಲಲ್ಲಿ ಬಂದು ಒಂದೊಂದೇ ಕಚ್ಚಿಕೊಂಡು ಹೋಗುತ್ತದೆ. ಮೊದಲ ರಾತ್ರಿ ಬರಲಿಲ್ಲವೆಂದು ಕೈಚೆಲ್ಲದೆ ಎರಡನೇ, ಮೂರನೇ ರಾತ್ರಿಯೂ ಇಡಬೇಕು. ಇದು ಕೈಗೂಡದೆ ಹೋಗುವುದಕ್ಕೆ ಸಾಮಾನ್ಯ ಕಾರಣ ಚಿರತೆಯಲ್ಲ. ಮೊಬೈಲು ಹಿಡಿದು ಗದ್ದೆಯ ಬದುವಿನಲ್ಲಿ ನಿಂತ ನೂರು ಮಂದಿ.

ಡಬ್ಬದೊಳಗಿನ ಮೊದಲ ರಾತ್ರಿ

ಎತ್ತಲೇಬೇಕಾದ ಪ್ರಾಣಿಗೆ ಮೊದಲು ಬೇಕಾದದ್ದು ಔಷಧಿಯಲ್ಲ, ಅನ್ನವೂ ಅಲ್ಲ. ಕತ್ತಲು, ಬಿಸಿ, ಮೌನ. ಪ್ರಾಣಿಗಿಂತ ಸ್ವಲ್ಪ ದೊಡ್ಡದಾದ ರಟ್ಟಿನ ಡಬ್ಬಕ್ಕೆ ಪೆನ್ಸಿಲ್ ದಪ್ಪದ ಹತ್ತು ಹನ್ನೆರಡು ತೂತು ಹಾಕಿ, ಒಳಗೆ ಹತ್ತಿಯ ಹಳೇ ಪಂಚೆ ಹಾಸಬೇಕು. ಟರ್ಕಿ ಟವೆಲಿನ ಕುಣಿಕೆಗಳಿಗೆ ಉಗುರು ಸಿಕ್ಕಿಕೊಳ್ಳುತ್ತದೆ. ತಂತಿ ಪಂಜರ ಬೇಡವೇ ಬೇಡ, ಹಕ್ಕಿ ಅದಕ್ಕೆ ಬಡಿದುಕೊಂಡು ಇದ್ದಬದ್ದ ರೆಕ್ಕೆಯನ್ನೂ ಹಾಳು ಮಾಡಿಕೊಳ್ಳುತ್ತದೆ. ಬಿಸಿನೀರು ತುಂಬಿದ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಡಬ್ಬದ ಅರ್ಧಭಾಗದಲ್ಲಿ ಮಾತ್ರ ಇಡಬೇಕು. ಸೆಕೆಯಾದರೆ ಪ್ರಾಣಿ ಬಿಸಿಯಿಲ್ಲದ ಕಡೆಗೆ ಸರಿದುಕೊಳ್ಳಲಿ. ಪೂರ್ತಿ ತಳಕ್ಕೆ ಬಿಸಿ ಕೊಟ್ಟು ಮರಿಯನ್ನು ಬೇಯಿಸಿದ್ದೂ ಉಂಟು.

ಬಾಯಿಗೆ ನೀರು ಹಾಕುವ ಚಪಲ ಅತಿ ಕೆಟ್ಟದ್ದು. ಹಕ್ಕಿಯ ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿರುತ್ತದೆ. ಕೊಕ್ಕು ಬಿಡಿಸಿ ಎರಡು ಚಮಚ ನೀರು ಬಿಟ್ಟರೆ ಅದು ಹೋಗುವುದು ಹೊಟ್ಟೆಗಲ್ಲ, ಎದೆಗೆ. ತಣ್ಣಗಾದ ಪ್ರಾಣಿಗೆ ಹಾಲು ಕುಡಿಸಿದರೆ ಕರುಳು ಕೆಲಸ ಮಾಡದೆ ಹಾಲು ಹೊಟ್ಟೆಯಲ್ಲೇ ಕೊಳೆಯುತ್ತದೆ. ಮೊದಲು ಮೈ ಬಿಸಿ, ಆಮೇಲೆ ನೀರಿನಂಶ, ಕೊನೆಗೆ ಆಹಾರ. ಈ ಕ್ರಮ ತಪ್ಪಿದರೆ ಉಳಿದದ್ದೆಲ್ಲ ಸರಿಯಿದ್ದರೂ ಪ್ರಾಣಿ ಉಳಿಯುವುದಿಲ್ಲ.

ಅಳಿಲು ಮರಿಯನ್ನೇ ನೋಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿದರೆ 20 ಗ್ರಾಂ. ಒಂದು ಸಲಕ್ಕೆ ಕೊಡಬೇಕಾದದ್ದು ಮೈತೂಕದ ಶೇ 5, ಅಂದರೆ 1 ಮಿ.ಲೀ. ಮಾತ್ರ. ಮೈ ಬೆಚ್ಚಗಾದ ಮೇಲೆ ಮೊದಲ ಎರಡು ಸರ್ತಿ ಬರೀ ಉಗುರುಬೆಚ್ಚಗಿನ ಓಆರ್‌ಎಸ್ ನೀರು. ಆಮೇಲೆ ನಾಯಿಮರಿಗೆಂದು ಬರುವ ಹಾಲಿನ ಪುಡಿಯನ್ನು ತೆಳ್ಳಗೆ ಕಲಸಿ, ಒಂದೆರಡು ದಿನದಲ್ಲಿ ಹದಕ್ಕೆ ತರಬೇಕು. ಹಸುವಿನ ಹಾಲಿನ ಲ್ಯಾಕ್ಟೋಸ್ ಇದಕ್ಕೆ ಜೀರ್ಣವಾಗದು. ಭೇದಿ ಶುರುವಾದ 20 ಗ್ರಾಮಿನ ಜೀವಕ್ಕೆ ಒಂದು ದಿನ ತಡೆಯುವ ಶಕ್ತಿಯೂ ಇರುವುದಿಲ್ಲ. ಸೂಜಿಯಿಲ್ಲದ 1 ಮಿ.ಲೀ. ಸಿರಿಂಜು ಹಿಡಿದು, ಮರಿಯನ್ನು ಹೊಟ್ಟೆ ಕೆಳಗಾಗಿ, ತಲೆ ಸ್ವಲ್ಪ ಮೇಲಾಗಿ ಹಿಡಿದುಕೊಳ್ಳಬೇಕು. ಕೂಸಿನ ಹಾಗೆ ಅಂಗಾತ ಮಲಗಿಸಿದರೆ ಹಾಲು ಮೂಗಿನಿಂದ ಗುಳ್ಳೆಯಾಗಿ ಬರುತ್ತದೆ. ಬಂದರೆ ತಕ್ಷಣ ತಲೆ ಕೆಳಗೆ ಮಾಡಿ ಒರೆಸಬೇಕು. ಒಂದು ಹನಿ ಒಳಗೆ ಹೋಗಿದ್ದರೂ ಎರಡು ದಿನದಲ್ಲಿ ನ್ಯುಮೋನಿಯಾ. ಕುಡಿಸಿದ ಮೇಲೆ ಒದ್ದೆ ಹತ್ತಿಯಿಂದ ಹೊಟ್ಟೆಯ ಕೆಳಭಾಗ ನವಿರಾಗಿ ಸವರದಿದ್ದರೆ ಮರಿಗೆ ಉಚ್ಚೆ ಹೊಯ್ಯಲು ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು. ದಿನಾ ಬೆಳಿಗ್ಗೆ ತೂಕ ಬರೆದಿಡಬೇಕು. ಎರಡು ದಿನ ತೂಕ ಏರದಿದ್ದರೆ ಎಲ್ಲೋ ತಪ್ಪುತ್ತಿದೆ ಎಂದೇ ಅರ್ಥ.

ರೆಕ್ಕೆ ಮುರಿದರೆ

ಹದ್ದು, ಗರುಡ, ಗೂಬೆಗಳು ಬರುವುದು ಹೆಚ್ಚಾಗಿ ರೆಕ್ಕೆಯ ಗಾಯದಿಂದ. ಹಕ್ಕಿಯ ಮೂಳೆ ಮೂರ್ನಾಲ್ಕು ವಾರದಲ್ಲೇ ಕೂಡಿಕೊಳ್ಳುತ್ತದೆ. ಅದೇ ಅನುಕೂಲ, ಅದೇ ಆಪತ್ತು. ತಪ್ಪಾಗಿ ಕೂಡಿದ್ದನ್ನು ಆಮೇಲೆ ತಿದ್ದಲು ಬರುವುದಿಲ್ಲ. ಮೂಳೆ ಚರ್ಮ ಹರಿದು ಹೊರಬಂದಿದ್ದರೆ ಒಂದೆರಡು ದಿನದಲ್ಲಿ ಒಣಗಿ ಕಪ್ಪಾಗುತ್ತದೆ, ಆಮೇಲೆ ಶಸ್ತ್ರಚಿಕಿತ್ಸೆಯೂ ವ್ಯರ್ಥ. ಸಂದಿಗೆ ತೀರಾ ಹತ್ತಿರ ಮುರಿದಿದ್ದರೆ ಆ ಹಕ್ಕಿ ಮತ್ತೆ ಹಾರುವುದು ಅಪರೂಪ. ಇದನ್ನು ಮೊದಲ ದಿನದ ಎಕ್ಸ್‌ರೇಯಲ್ಲೇ ಹೇಳಬಹುದು. ಎಕ್ಸ್‌ರೇ ಇಲ್ಲದೆ ತಿಂಗಳು ಸಾಕಿ, ಆಮೇಲೆ ತಿಳಿದುಕೊಳ್ಳುವುದು ಹಕ್ಕಿಗೂ ಹಿಂಸೆ, ಸಾಕಿದವರಿಗೂ ಹಿಂಸೆ.

ರೆಕ್ಕೆಗೆ ಪಟ್ಟಿ ಸುತ್ತುವಾಗ ಗಮನಿಸಬೇಕಾದದ್ದು ಒಂದು. ಹಕ್ಕಿಗೆ ನಮ್ಮ ಹಾಗೆ ಎದೆ, ಹೊಟ್ಟೆಯ ನಡುವೆ ಉಸಿರೆಳೆಸುವ ವಪೆ ಇಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಅಲುಗಾಡಿಯೇ ಅದು ಉಸಿರಾಡುವುದು. ಎದೆಗೆ ಬಿಗಿಯಾಗಿ ಪಟ್ಟಿ ಸುತ್ತಿದರೆ ಉಸಿರುಕಟ್ಟಿ ಸಾಯುತ್ತದೆ. ರೆಕ್ಕೆಯನ್ನು ಮಡಚಿದ ಸ್ಥಿತಿಯಲ್ಲಿ ಎಂಟರ ಆಕಾರದಲ್ಲಿ, ತನಗೆ ತಾನೇ ಅಂಟಿಕೊಳ್ಳುವ ಪಟ್ಟಿಯಿಂದ ಸುತ್ತಬೇಕು. ಪುಕ್ಕಕ್ಕೆ ಅಂಟುವ ಮಾಮೂಲಿ ಪ್ಲಾಸ್ಟರು ಬೇಡ. ಪಟ್ಟಿ ಹಾಗೇ ಬಿಟ್ಟರೆ ಭುಜದಿಂದ ಮಣಿಕಟ್ಟಿನವರೆಗಿನ ಚರ್ಮದ ಪೊರೆ ಕುಗ್ಗಿ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳದಾಗುತ್ತದೆ. ಅದಕ್ಕೇ ಪಶುವೈದ್ಯರು ಎರಡು ಮೂರು ದಿನಕ್ಕೊಮ್ಮೆ ಪಟ್ಟಿ ಬಿಚ್ಚಿ ರೆಕ್ಕೆಯನ್ನು ಮೆಲ್ಲಗೆ ಚಾಚಿಸುವುದು.

ನೋವಿಗೆ ಏನು ಕೊಡುವುದು ಎಂಬುದೂ ಸಣ್ಣ ಮಾತಲ್ಲ. ಹಳ್ಳಿಯ ಪಶು ಔಷಧಿ ಪೆಟ್ಟಿಗೆಯಲ್ಲಿ ಕೈಗೆ ಸಿಗುವ ಮಾತ್ರೆ, ಇಂಜೆಕ್ಷನ್ನೆಲ್ಲ ಹಕ್ಕಿಗೆ ಆಗಿಬರುವುದಿಲ್ಲ. ರಣಹದ್ದುಗಳ ಮೂತ್ರಪಿಂಡ ಹಾಳುಮಾಡಿ ಕುಲನಾಶಕ್ಕೆ ಕಾರಣವಾದ ಡೈಕ್ಲೋಫೆನಾಕನ್ನು 2006ರಲ್ಲಿ, ಕೀಟೊಪ್ರೊಫೆನ್ ಮತ್ತು ಅಸೆಕ್ಲೊಫೆನಾಕನ್ನು 2023ರಲ್ಲಿ ಪಶುಬಳಕೆಗೆ ನಿಷೇಧಿಸಲಾಯಿತು. ಮೆಲಾಕ್ಸಿಕಾಮ್ ಬಳಸುವುದು ಅದಕ್ಕೇ. ಪ್ರಮಾಣ ಮಾತ್ರ ವೈದ್ಯರೇ ಹೇಳಬೇಕು.

ಹೊಟ್ಟೆಗೆ ಬರೀ ಮೂಳೆಯಿಲ್ಲದ ಕೋಳಿಮಾಂಸ ಹಾಕುವುದು ಮತ್ತೊಂದು ಸಾಮಾನ್ಯ ತಪ್ಪು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದಂಶ ತೀರಾ ಕಡಿಮೆ. ಬೆಳೆಯುವ ಗೂಬೆಮರಿಗೆ ಎರಡೇ ವಾರದಲ್ಲಿ ಕಾಲು ಸೊಟ್ಟಗಾಗುತ್ತದೆ. ತುಪ್ಪಳ, ಮೂಳೆ ಸಮೇತ ಇಡೀ ಇಲಿ, ಕೋಳಿ ಹ್ಯಾಚರಿಯಲ್ಲಿ ಸಿಗುವ ಸತ್ತ ಒಂದು ದಿನದ ಮರಿಗಳು ಇದಕ್ಕೆ ಸರಿಯಾದ ಊಟ. ಪಾಷಾಣ ತಿಂದ ಇಲಿಯಾಗಿರಬಾರದು ಅಷ್ಟೇ.

ಜಿಂಕೆ ಏಕೆ ಸಾಯುತ್ತದೆ

ನಾಯಿಗಳು ಅಟ್ಟಿಸಿಕೊಂಡು ಬಂದ ಕಡವೆಯೋ ಕಾಡುಕುರಿಯೋ ತೋಟದ ಬೇಲಿಯೊಳಗೆ ಸಿಕ್ಕಿಬೀಳುತ್ತದೆ. ಮೈಮೇಲೆ ಹೇಳಿಕೊಳ್ಳುವಂಥ ಗಾಯವಿಲ್ಲ. ನಾಲ್ಕು ಜನ ಹಿಡಿದು, ಕಾಲು ಕಟ್ಟಿ, ಜೀಪಿನಲ್ಲಿ ಹಾಕಿ ಸಾಗಿಸುತ್ತಾರೆ. ಮಾರನೆಯ ದಿನವೋ ಒಂದು ವಾರಕ್ಕೋ ಅದು ಸಾಯುತ್ತದೆ. ‘ಹೆದರಿ ಎದೆಯೊಡೆದು ಸತ್ತಿತು’ ಎನ್ನುತ್ತಾರೆ. ಅಸಲಿಗೆ ಆದದ್ದು ಬೇರೆ. ಮಿತಿಮೀರಿದ ಓಟ, ಸೆಣಸಾಟ, ಹೆದರಿಕೆಯಿಂದ ಮಾಂಸಖಂಡಗಳು ಒಳಗೇ ಒಡೆದು, ಅವುಗಳ ಕೆಂಪು ಬಣ್ಣದ ಪ್ರೋಟೀನು ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕಟ್ಟಿಹಾಕುತ್ತದೆ. ಉಚ್ಚೆ ಕಾಫಿ ಕಷಾಯದ ಬಣ್ಣಕ್ಕೆ ತಿರುಗಿತೆಂದರೆ ಕೈಮೀರಿತು. ಇದಕ್ಕೆ ಗಟ್ಟಿ ಮದ್ದಿಲ್ಲ, ಬಾರದಂತೆ ನೋಡಿಕೊಳ್ಳುವುದೊಂದೇ ದಾರಿ.

ಹಾಗಾಗಿ ಬೇಲಿ ಬಿಚ್ಚಿ ದಾರಿ ಮಾಡಿಕೊಟ್ಟರೆ ತಾನೇ ಹೋಗುವ ಪ್ರಾಣಿಯನ್ನು ಹಿಡಿಯಲೇಬಾರದು. ಹಿಡಿಯುವುದು ಅನಿವಾರ್ಯವಾದರೆ ಬೆಳಗಿನ ತಂಪಿನಲ್ಲಿ, ಹೆಚ್ಚೆಂದರೆ ನಾಲ್ಕು ಜನ. ಮೊದಲು ಕಣ್ಣಿಗೆ ಬಟ್ಟೆ. ಎದೆ ನೆಲಕ್ಕೆ ತಾಗುವಂತೆ ಕೂರಿಸಬೇಕು. ಅಡ್ಡ ಮಲಗಿಸಿದರೆ ಮೆಲುಕು ಹಾಕುವ ಪ್ರಾಣಿಯ ಹೊಟ್ಟೆ ಉಬ್ಬರಿಸಿ, ಮೇವು ಗಂಟಲಿಗೆ ಬಂದು ಶ್ವಾಸಕೋಶಕ್ಕಿಳಿಯುತ್ತದೆ. ಮಾತು, ಮೊಬೈಲು, ಸವರುವುದು ಎಲ್ಲ ಬಂದ್. ನಾವು ಸಮಾಧಾನಕ್ಕೆಂದು ಸವರುವ ಕೈ ಅದಕ್ಕೆ ಹುಲಿಯ ಪಂಜವೇ.

ಉರುಳು, ಬಾವಿ, ತಂತಿ

ತೋಟದ ಅಂಚಿನಲ್ಲಿ ಕಾಡುಹಂದಿಗೆಂದು ಬೈಕಿನ ಕ್ಲಚ್ ವೈರಿನಿಂದ ಮಾಡಿ ಇಡುವ ಉರುಳಿಗೆ ಯಾವ ಪ್ರಾಣಿ ಎಂಬ ಭೇದವಿಲ್ಲ. ಚಿರತೆ ಸೊಂಟದಲ್ಲಿ ಸಿಕ್ಕಿಕೊಂಡರೆ ಅದು ಎಳೆದಾಡಿದಷ್ಟೂ ವೈರು ಬಿಗಿಯುತ್ತದೆ. ಇಲ್ಲಿ ಸ್ವಯಂಸೇವಕರ ಕೆಲಸ ಜನರನ್ನು ತಡೆಯುವುದು, ನೆರಳು ಮಾಡುವುದು, ಅಷ್ಟೇ. ಅರಿವಳಿಕೆ ಮದ್ದಿನ ಕೆಲಸ ವೈದ್ಯರದ್ದು. ಕೆಟಮಿನ್ ಮತ್ತು ಕ್ಸೈಲಜಿನ್ ಮದ್ದು ಸೇರಿಸಿದ ಡಾರ್ಟ್ (ದೂರದಿಂದ ಹಾರಿಸುವ ಸೂಜಿ) ಬಿದ್ದ ಮೇಲೂ ಪ್ರಾಣಿ ಪೂರ್ತಿ ಮಲಗಲು ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಗಲಾಟೆಯಿದ್ದರೆ ಇನ್ನೂ ತಡ. ಅನಾಹುತಗಳು ಆಗುವುದು ಆ ಹೊತ್ತಿನಲ್ಲೇ.

ವೈರು ಕತ್ತರಿಸಿದ ಕೂಡಲೇ ಪ್ರಾಣಿ ಎದ್ದು ನಿಂತಿತೆಂದು ಅಲ್ಲೇ ಬಿಡುವುದು ಬಹಳ ಸಲ ನಡೆಯುತ್ತದೆ. ನೋಡಲು ಚೆಂದ, ವಿಡಿಯೊಗೂ ಒಳ್ಳೆಯದು. ಗಂಟೆಗಟ್ಟಲೆ ರಕ್ತ ಹರಿಯದೆ ಸತ್ತ ಮಾಂಸದೊಳಗಿನ ವಿಷವೆಲ್ಲ ಬಿಗಿ ಸಡಿಲವಾದ ಮೇಲೆ ಒಟ್ಟಿಗೇ ಮೈಗೆ ಸೇರುತ್ತದೆ. ಚರ್ಮದ ಮೇಲೆ ಬರೀ ಗೆರೆ ಕಂಡ ಜಾಗ ಐದಾರು ದಿನಕ್ಕೆ ಕೊಳೆತು ಬಾಯಿಬಿಡುತ್ತದೆ. ಆಗ ಅದು ಎಲ್ಲೋ ಪೊದೆಯಲ್ಲಿ ಬಿದ್ದಿರುತ್ತದೆ, ಇಲ್ಲವೇ ಬೇಟೆಯಾಡಲಾಗದೆ ಊರ ನಾಯಿ, ಕುರಿಗೆ ಬರುತ್ತದೆ. ವಾರ ಹತ್ತು ದಿನ ಇಟ್ಟು ನೋಡದೆ ಬಿಡಬಾರದು. ಇಡುವುದಾದರೂ ಎಲ್ಲಿ ಎಂಬುದೇ ಪ್ರಶ್ನೆ.

ಅರಸೀಕೆರೆ, ಚನ್ನರಾಯಪಟ್ಟಣದ ಬಯಲು ಕಡೆ ಕಟ್ಟೆಯಿಲ್ಲದ ತೆರೆದ ಬಾವಿಗಳದ್ದು ಇನ್ನೊಂದು ತಲೆನೋವು. ಬಾವಿಗೆ ಬಿದ್ದ ಚಿರತೆಗೆ ಡಾರ್ಟ್ ಹೊಡೆದರೆ ನೀರಿನಲ್ಲೇ ಮಂಪರು ಬಂದು ಮುಳುಗುತ್ತದೆ. ಮೊದಲು ಹಗ್ಗ ಕಟ್ಟಿದ ಮಂಚವನ್ನೋ ಟೈರನ್ನೋ ಇಳಿಸಿ ಹತ್ತಿ ಕೂರಲು ಆಸರೆ ಕೊಡಬೇಕು. ಆಮೇಲೆ ಒರಟು ಮೈಯ ಮರದ ಏಣಿ ಇಳಿಬಿಟ್ಟು, ಲೈಟು ಆರಿಸಿ, ಎಲ್ಲರೂ ನೂರು ಮೀಟರ್ ದೂರ ಹೋದರೆ ಕತ್ತಲಲ್ಲಿ ತಾನೇ ಹತ್ತಿ ಹೋಗುತ್ತದೆ. ಹಿಡಿದು ದೂರದ ಕಾಡಿಗೆ ಬಿಡಿ ಎಂಬ ಊರಿನವರ ಒತ್ತಾಯಕ್ಕೆ ಕೇಂದ್ರ ಪರಿಸರ ಸಚಿವಾಲಯದ 2011ರ ಮಾರ್ಗಸೂಚಿಯೇ ಉತ್ತರ. ಒಂದು ಕಡೆಯ ಚಿರತೆಯನ್ನು ಇನ್ನೊಂದು ಕಡೆ ಬಿಟ್ಟರೆ ಸಂಘರ್ಷ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆನೆಯ ವಿಷಯ ಸ್ವಯಂಸೇವಕರ ಕೈಗೆ ಬರುವಂಥದ್ದೇ ಅಲ್ಲ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ‘ಭೀಮ’ ಎಂಬ ಕಾಡಾನೆಗೆ ಚಿಕಿತ್ಸೆ ಕೊಡಲು ಹೋಗಿ, ಅರಿವಳಿಕೆ ಮದ್ದು ಹಾರಿಸುವುದರಲ್ಲಿ ನುರಿತವರೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಅಂಬಾರಿಯ ಆನೆ ಅರ್ಜುನ ಸತ್ತ. ಅನುಭವವಿದ್ದವರಿಗೇ ಹೀಗಾಗುವ ಜಾಗ ಅದು.

ಕರೆಂಟು ತಂತಿಯ ಕತೆ ಅಷ್ಟು ಸುದ್ದಿಯಾಗುವುದಿಲ್ಲ. ತೋಟದೊಳಗೆ ಹಾದುಹೋದ ಲೈನಿಗೆ ಮಂಗ, ಕೆಂದಳಿಲು, ಬಾವಲಿ ಸಿಕ್ಕಿಕೊಳ್ಳುತ್ತವೆ. ಮೆಣಸು ಕೊಯ್ಯುವ ಅಲ್ಯೂಮಿನಿಯಂ ಏಣಿ ಕೈಯಳತೆಯಲ್ಲೇ ಇರುತ್ತದೆ, ಅದನ್ನೇ ಎತ್ತಿಕೊಂಡು ಓಡುವವರಿದ್ದಾರೆ. ಅದೇ ಏಣಿ ತಂತಿಗೆ ತಗುಲಿ ಮಲೆನಾಡಿನಲ್ಲಿ ಕೂಲಿಯವರು ಸತ್ತದ್ದು ಎಲ್ಲರಿಗೂ ಗೊತ್ತು. 1912ಕ್ಕೆ ಫೋನು ಮಾಡಿ, ಲೈನ್‌ಮನ್ ಎಲ್‌ಸಿ (ಲೈನಿನ ಕರೆಂಟು ಕಡಿದು ಕೆಲಸಕ್ಕೆ ಕೊಡುವ ಒಪ್ಪಿಗೆ) ತೆಗೆದುಕೊಂಡಿದ್ದೇನೆ ಎಂದು ಬಾಯಿಬಿಟ್ಟು ಹೇಳುವವರೆಗೆ ಒಂದು ಒಣಕೋಲನ್ನೂ ಎತ್ತಬಾರದು. ಕರೆಂಟು ಕೊಡುವ ಕಂಪನಿ ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಸೆಸ್ಕ್. ಗಡಿಯ ತೋಟಗಳಲ್ಲಿ ಯಾವ ಸೆಕ್ಷನ್ ಆಫೀಸಿನ ಲೈನು ಎಂಬುದನ್ನು ಮೊದಲೇ ತಿಳಿದಿಟ್ಟುಕೊಂಡರೆ ಅರ್ಧ ಗಂಟೆ ಉಳಿಯುತ್ತದೆ. ಇಳಿಸಿದ ಪ್ರಾಣಿಯ ಅಂಗೈಯಲ್ಲಿ ಒಂದು ಬಿಳಿ ಕಲೆ ಬಿಟ್ಟರೆ ಮೊದಲ ದಿನ ಏನೂ ಕಾಣದು. ಕರೆಂಟು ಹಾದ ದಾರಿಯುದ್ದಕ್ಕೂ ನರ, ರಕ್ತನಾಳ ಬೆಂದಿರುತ್ತವೆ. ನಾಲ್ಕೈದು ದಿನ ಕಳೆದ ಮೇಲೆ ಕೈಯೇ ಒಣಗಿ ಕಪ್ಪಾಗುತ್ತದೆ.

ಹಾವು ಹಿಡಿಯುವವರು

ಸ್ವಯಂಸೇವಕರಲ್ಲಿ ಅತಿ ಹೆಚ್ಚು ಮಂದಿ ಹಾವಿನವರೇ. ಪ್ರದರ್ಶನದ ಚಟ ಅತಿ ಹೆಚ್ಚಿರುವುದೂ ಅಲ್ಲೇ. ಹಾವಿನ ಕತ್ತು ಒತ್ತಿ ಹಿಡಿಯುವುದು ಬೇಕಾಗಿಯೇ ಇಲ್ಲ. ನಾಲ್ಕು ಇಂಚಿನ ಪಿವಿಸಿ ಪೈಪಿನ ತುದಿಗೆ ಒತ್ತಾದ ಹೊಲಿಗೆಯ ಕಪ್ಪು ಬಟ್ಟೆಯ ಚೀಲ ಕಟ್ಟಿ, ಹಾವಿನ ಮುಂದೆ ಕತ್ತಲ ಬಿಲದಂತೆ ಇಟ್ಟು, ಕೊಕ್ಕೆಯಿಂದ ಬಾಲದ ಕಡೆ ಮೆಲ್ಲಗೆ ಮುಟ್ಟಿದರೆ ತಾನೇ ಒಳಗೆ ಹೋಗುತ್ತದೆ. ಇಕ್ಕಳದಲ್ಲಿ ಹಿಡಿದರೆ ಪಕ್ಕೆಲುಬು ಮುರಿಯುತ್ತದೆ. ಹೊರಗೆ ಗಾಯ ಕಾಣದ್ದರಿಂದ ‘ಸುರಕ್ಷಿತವಾಗಿ ಬಿಡಲಾಯಿತು’ ಎಂಬ ವರದಿ ಬೇರೆ ಆಗುತ್ತದೆ.

ಬಿಡುವುದು ಸಿಕ್ಕ ಜಾಗದ ಹತ್ತಿರದಲ್ಲೇ. ಆಗುಂಬೆಯಲ್ಲಿ ಕಾಳಿಂಗಗಳಿಗೆ ರೇಡಿಯೊ ಟ್ರಾನ್ಸ್‌ಮಿಟರ್ ಅಳವಡಿಸಿ ನೋಡಿದಾಗ, ದೂರ ಒಯ್ದು ಬಿಟ್ಟ ಹಾವು ನೆಲೆ ಕಾಣದೆ ಬಹಳ ದೂರ ಅಲೆದದ್ದು ಗೊತ್ತಾಯಿತು. ಪಶ್ಚಿಮಘಟ್ಟದ ಈ ಕಾಳಿಂಗವನ್ನು 2024ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಿ, ನಮ್ಮ ಕನ್ನಡದ ಹೆಸರನ್ನೇ ಉಳಿಸಿ ‘ಓಫಿಯೋಫೇಗಸ್ ಕಾಳಿಂಗ’ ಎಂದು ಕರೆದರು. ಬೇಸಿಗೆಯಲ್ಲಿ ತರಗೆಲೆ ಒಟ್ಟಿ ಗೂಡು ಮಾಡಿ ಮೊಟ್ಟೆಯಿಡುವ ಹಾವು ಇದು. ತೋಟದಲ್ಲಿ ಗೂಡು ಕಂಡರೆ ಮೊಟ್ಟೆ ಕದಲಿಸದೆ, ಆ ಕಡೆಯ ಕೆಲಸ ಮುಂದೂಡಿ, ಇಲಾಖೆಗೆ ಹೇಳಿದರೆ ಸಾಕು.

ಇಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಮಾತ್ರ. ಕಾಳಿಂಗಕ್ಕೂ, ಕಾಫಿ ಗಿಡದ ಬುಡದಲ್ಲಿ ಸದಾ ಸಿಗುವ ಗುಳಿಮಂಡಲಗಳಿಗೂ ಅದು ನಡೆಯುವುದಿಲ್ಲ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕು. ಆ ಲೆಕ್ಕದಲ್ಲಿ ಹಾವು ಹಿಡಿಯುವವರನ್ನೂ ಬೇರೆಯಾಗಿ ಎಣಿಸಿದರೆ ಒಳ್ಳೆಯದಿತ್ತು.

ಮಂಗ ಬಿದ್ದಿದ್ದರೆ ಕೈ ಹಾಕಬೇಡಿ

ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಕಡೆ ಡಿಸೆಂಬರಿನಿಂದ ಮೇವರೆಗೆ ಮಂಕಾಗಿ ಕೂತ ಮಂಗವನ್ನೋ ಸತ್ತು ಬಿದ್ದ ಮುಸುವವನ್ನೋ ಕಂಡರೆ ಅದು ಮೊದಲು ಆರೋಗ್ಯ ಇಲಾಖೆಯ ವಿಷಯ. ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಮಂಗ ಸತ್ತು ಮೈ ತಣ್ಣಗಾದೊಡನೆ ಉಣುಗುಗಳು ಇಳಿದು ಸುತ್ತಲ ತರಗೆಲೆಯಲ್ಲಿ ಹರಡುತ್ತವೆ. ಎತ್ತಿ ಹೂಳಲು ಹೋದವರ ಕಾಲಿಗೇ ಮೊದಲು ಹತ್ತುವುದು. 1957ರಲ್ಲಿ ಸೊರಬದ ಕ್ಯಾಸನೂರಿನಲ್ಲಿ ಪತ್ತೆಯಾದ ಈ ಕಾಯಿಲೆಗೆ ಹಾಕುತ್ತಿದ್ದ ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತಿತು. ಮೈಗೆ ಉಣುಗು ಹತ್ತದಂತೆ ಸವರುವ ಡೆಪಾ ಎಣ್ಣೆ, ಕಾಲುಚೀಲದೊಳಗೆ ಪ್ಯಾಂಟು, ಮನೆಗೆ ಬಂದು ಬಿಸಿನೀರಿನ ಸ್ನಾನ ಇವಿಷ್ಟೇ ಸದ್ಯದ ರಕ್ಷಣೆ.

ರೇಬಿಸ್ ಲಸಿಕೆ ಮುಂಗಡವಾಗಿ ಹಾಕಿಸಿಕೊಳ್ಳದವರು ಮುಂಗುಸಿ, ನರಿ, ಪುನುಗುಬೆಕ್ಕು, ಮಂಗಗಳನ್ನು ಮುಟ್ಟಬಾರದು. ಕಚ್ಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಪೂರ್ತಿ 15 ನಿಮಿಷ ಗಡಿಯಾರ ನೋಡಿಕೊಂಡು ತೊಳೆದು ಆಸ್ಪತ್ರೆಗೆ ಹೋಗಬೇಕು.

ನಡುವಿನ ಆ ದಿನಗಳು

ಗಾಯಗೊಂಡ ಚಿರತೆಗೆ ಇಲ್ಲಿಂದ ದಾರಿಯೆಂದರೆ ಮೈಸೂರಿನ ಕೂರ್ಗಳ್ಳಿ ಅಥವಾ ಬೆಂಗಳೂರಿನ ಬನ್ನೇರುಘಟ್ಟದ ಪ್ರಾಣಿ ರಕ್ಷಣಾ ಕೇಂದ್ರ. ಚಿಕ್ಕಮಗಳೂರಿನ ಮಲೆನಾಡಿಗೆ ಶಿವಮೊಗ್ಗದ ತ್ಯಾವರೆಕೊಪ್ಪ, ಮಂಗಳೂರಿನ ಪಿಲಿಕುಳ. ಹಾಸನದಿಂದ ಮೈಸೂರಿಗೇ ಸುಮಾರು 120 ಕಿ.ಮೀ., ಬೆಂಗಳೂರಿಗೆ 180ಕ್ಕೂ ಹೆಚ್ಚು. ಉಸಿರು ಬಿಗಿಹಿಡಿದ ಕಾಡುಕುರಿಗೋ ಮೂಳೆ ಹೊರಬಂದ ಗೂಬೆಗೋ ಘಾಟಿಯ ತಿರುವುಗಳಲ್ಲಿ ಮೂರು ನಾಲ್ಕು ಗಂಟೆಯ ಪ್ರಯಾಣವೇ ಎರಡನೇ ಗಾಯ. ಹತ್ತಿರದಲ್ಲಿ ಸಿಗುವುದು ತಾಲ್ಲೂಕು ಪಶು ಆಸ್ಪತ್ರೆ. ಅಲ್ಲಿನ ವೈದ್ಯರು ಹಸು, ಎಮ್ಮೆಗೆ ಪಳಗಿದವರು, ದಿನವಿಡೀ ಕೆಲಸದಲ್ಲಿ ಮುಳುಗಿದವರು. 600 ಗ್ರಾಮಿನ ಗರುಡವನ್ನು ಮೇಜಿನ ಮೇಲಿಟ್ಟಾಗ ಅವರು ತಡವರಿಸಿದರೆ ತಪ್ಪು ಅವರದ್ದಲ್ಲ.

ಇದಕ್ಕೆ ದೊಡ್ಡ ಮೃಗಾಲಯವೇನೂ ಬೇಡ. ಸಕಲೇಶಪುರ–ಮೂಡಿಗೆರೆ ನಡುವೆ ಎಲ್ಲಾದರೂ ಒಂದು ತಾತ್ಕಾಲಿಕ ಚಿಕಿತ್ಸಾ ಕೇಂದ್ರ ಸಾಕು. ಸಿಮೆಂಟು ನೆಲದ ಎರಡು ಕೋಣೆ, ಸಣ್ಣ ಡಿಜಿಟಲ್ ಎಕ್ಸ್‌ರೇ, ಒಂದು ಫ್ರಿಜ್ಜು, ಕಣ್ಣಿಗೆ ಬೀಳದ ಹಾಗೆ ಮೂರು ಕಡೆ ಗೋಡೆಯಿರುವ ಚಿರತೆಯ ಕೊಠಡಿ, ಕನಿಷ್ಠ 50 ಅಡಿ ಉದ್ದದ ಒಂದು ಹಾರುಪಂಜರ, ಕಾಡುಪ್ರಾಣಿಗಳ ತರಬೇತಿ ಪಡೆದ ಒಬ್ಬ ವೈದ್ಯರು. ಸ್ವಯಂಸೇವಕರು ಅಲ್ಲಿ ಪಾಳಿಯ ಮೇಲೆ ದುಡಿಯಲಿ. ಈಗ ಅವರ ಕೆಲಸ ಅಳೆಯುವುದೇ ಎಷ್ಟು ಹಿಡಿದರು ಎಂಬುದರಿಂದ. ಹಿಡಿದದ್ದರಲ್ಲಿ ಎಷ್ಟು ಬದುಕಿದವು, ಬಿಟ್ಟದ್ದರಲ್ಲಿ ಎಷ್ಟು ತಿಂಗಳ ನಂತರವೂ ಕಂಡವು ಎಂಬ ಕಲಂ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಸತ್ತದ್ದಕ್ಕೆ ಶವಪರೀಕ್ಷೆಯಾದರೂ ಆದರೆ ಮುಂದಿನದು ಉಳಿಯುತ್ತದೆ. ಈಗ ಮಹಜರು ಬರೆದು ಸುಟ್ಟರೆ ಮುಗಿಯಿತು.

ಖರ್ಚಿನ ಒಂದು ಉದಾಹರಣೆ ಕೊಡುತ್ತೇವೆ. ಮೇ ತಿಂಗಳ ಮೊದಲ ವಾರ ರೆಕ್ಕೆ ಮುರಿದು ಬಂದ ಗರುಡ. ಮೂಳೆ ಕೂಡಲು ನಾಲ್ಕು ವಾರ, ಸೋತ ಮಾಂಸಖಂಡ ಬಲಿಯಲು ಹಾರುಪಂಜರದಲ್ಲಿ ಇನ್ನೆರಡು ಮೂರು ವಾರ. ಜೂನ್ ಕೊನೆಗೆ ಸಿದ್ಧವಾಯಿತು ಎನ್ನಿ. ಆಗ ಸಕಲೇಶಪುರದಲ್ಲಿ ಬಿಡದ ಮಳೆ. ಎರಡು ತಿಂಗಳಿಂದ ಬೇಟೆ ಮರೆತ ಹಕ್ಕಿಯನ್ನು ಆ ಮಳೆಗೆ ಬಿಟ್ಟರೆ ಪುಕ್ಕ ನೆನೆದು, ಹೊಟ್ಟೆಗಿಲ್ಲದೆ ವಾರದೊಳಗೆ ಸಾಯುತ್ತದೆ. ಹೊಳವಾಗುವವರೆಗೆ ಕಾಯಬೇಕು, ಅಂದರೆ ಆಗಸ್ಟ್ ಕೊನೆ, ಇಲ್ಲವೇ ಸೆಪ್ಟೆಂಬರ್. ದಿನಕ್ಕೆ ಸುಮಾರು 80 ಗ್ರಾಮಿನಂತೆ 120 ದಿನಕ್ಕೆ ಒಂಬತ್ತೂವರೆ ಕಿಲೋ ಇಡೀ ಇಲಿ, ಕೋಳಿಮರಿ ಬೇಕು. ಇವತ್ತಿನ ಮಟ್ಟಿಗೆ ಆ ಊಟ ಇರುವುದು ಯಾರದೋ ಮನೆಯ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ, ಕಪ್ಪು ಪ್ಲಾಸ್ಟಿಕ್ ಕವರಿನೊಳಗೆ, ಐಸ್‌ಕ್ರೀಮಿನ ಪಕ್ಕ.